ಹೋಟೆಲಿನ ಒಲೆಯೂ ಆರೋಗ್ಯ ನಿರೀಕ್ಷಕನೂ

ಹೋಟೆಲಿನಲ್ಲಿ ಕುಳಿತು ಉಪಾಹಾರ ಮಾಡುವಾಗ ನಮ್ಮ ಕಣ್ಣಿಗೆ ಬೀಳುವವರು ಇಬ್ಬರು: ತಟ್ಟೆ ತಂದಿಡುವ ಮಾಣಿ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಯಜಮಾನರು. ಅಡಿಗೆಯವರು ಗೋಡೆಯ ಆಚೆಗಿರುತ್ತಾರೆ. ಅವರನ್ನು ನಾವು ಕಾಣದಿದ್ದರೂ ಅವರ ಕೈಗುಣವನ್ನು ನಮ್ಮ ನಾಲಗೆ ಬಲ್ಲದು. ಇವರಲ್ಲದೆ ಇನ್ನೊಬ್ಬನೂ ಆ ತಟ್ಟೆಯ ಹಿಂದೆ ಇದ್ದಾನೆ. ಅವನು ಬಂದರೆ ಯಜಮಾನರ ಮುಖ ಬಾಡುತ್ತದೆ; ಬರದಿದ್ದರೆ ಯಾರಿಗೂ ಅವನ ನೆನಪಾಗುವುದಿಲ್ಲ; ಊರಿನಲ್ಲಿ ಹತ್ತು ಜನ ವಾಂತಿಭೇದಿಯಿಂದ ಮಲಗಿದ ದಿನ ಮಾತ್ರ ‘ಅವನೆಲ್ಲಿ ಹೋಗಿದ್ದ?’ ಎಂದು ಎಲ್ಲರೂ ಕೇಳುತ್ತಾರೆ. ಅವನೇ ಆರೋಗ್ಯ ನಿರೀಕ್ಷಕ. ಜನರ ಬಾಯಲ್ಲಿ ಹೆಲ್ತ್ ಇನ್‌ಸ್ಪೆಕ್ಟರು. ಕಾಯಿದೆಯ ಭಾಷೆಯಲ್ಲಿ ಮೊದಲು ಆಹಾರ ನಿರೀಕ್ಷಕ, ಇಂದು ಆಹಾರ ಸುರಕ್ಷತಾಧಿಕಾರಿ. ಈ ಉದ್ಯೋಗ ನಮ್ಮಲ್ಲಿ ಹೇಗೆ ಹುಟ್ಟಿತು, ಅದರ ಸಂಕಟಗಳೇನು ಎಂಬುದನ್ನು ಶ್ರೋತೃಗಳೊಡನೆ ಸ್ವಲ್ಪ ವಿಚಾರಿಸಬೇಕೆಂದು ನನ್ನ ಆಸೆ.

ಈ ವಿಚಾರಕ್ಕೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನು ಆರಿಸಿಕೊಂಡಿದ್ದೇನೆ. ಹಿಂದೆ ಇವು ಮೈಸೂರು ಜಿಲ್ಲೆಗೆ ಸೇರಿದ್ದುವು. 1939ರ ಜುಲೈ 1ರಂದು ಮಂಡ್ಯ ಜಿಲ್ಲೆ ರೂಪುಗೊಂಡಾಗ ಅದರ ಭಾಗವಾದುವು. ಇಂದು ನಾಲ್ಕೂ ಸೇರಿ ಪಾಂಡವಪುರ ಉಪವಿಭಾಗವೆನಿಸಿವೆ. ಹೊರಗೆ ಊಟ ಮಾಡುವ ಸಂದರ್ಭಗಳು ಎಷ್ಟು ಬಗೆಯವಿರಬಹುದೋ ಅಷ್ಟೂ ಇಲ್ಲಿವೆ. ಶ್ರೀರಂಗಪಟ್ಟಣಕ್ಕೆ ರಂಗನಾಥನ ದರ್ಶನಕ್ಕೂ ಪಶ್ಚಿಮವಾಹಿನಿಯ ಅಪರಕರ್ಮಕ್ಕೂ ಕೋಟೆ ನೋಡುವುದಕ್ಕೂ ಜನ ಬರುತ್ತಾರೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ವೈರಮುಡಿಯ ರಾತ್ರಿ ಜನಸಾಗರವೇ ನೆರೆಯುತ್ತದೆ. ಕೃಷ್ಣರಾಜಪೇಟೆಯ ಹೇಮಗಿರಿಯಲ್ಲಿ ದನಗಳ ಜಾತ್ರೆ. ನಾಗಮಂಗಲದಲ್ಲಿ ಆದಿಚುಂಚನಗಿರಿಯ ಯಾತ್ರೆ. ಅದರ ಜೊತೆಗೆ ಬೆಂಗಳೂರು–ಮಂಗಳೂರು ಹೆದ್ದಾರಿಯ ಬೆಳ್ಳೂರು ಕ್ರಾಸಿನ ಹೋಟೆಲುಗಳ ಸಾಲು. ಯಾತ್ರೆ, ಸಂತೆ, ಹೆದ್ದಾರಿ, ಕಬ್ಬಿನ ಗದ್ದೆ ಈ ನಾಲ್ಕರ ನಡುವೆ ಓಡಾಡುವವನು ಇಲ್ಲಿನ ನಿರೀಕ್ಷಕ.

ಅಂಗಡಿಯ ಸರಕನ್ನು ಪರೀಕ್ಷಿಸುವ ಅಧಿಕಾರಿ ನಮ್ಮ ದೇಶಕ್ಕೆ ಹೊಸಬನಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವರ್ತಕರಿಂದ ಪ್ರಜೆಗಳನ್ನು ಕಾಪಾಡುವುದಕ್ಕೆಂದೇ ಒಂದು ಪ್ರಕರಣವಿದೆ. ಧಾನ್ಯ, ಎಣ್ಣೆ, ಉಪ್ಪು, ಔಷಧಗಳಿಗೆ ಅವನ್ನೇ ಹೋಲುವ ಬೇರೆ ಪದಾರ್ಥ ಬೆರೆಸಿದವನಿಗೆ ಹನ್ನೆರಡು ಪಣ ದಂಡವೆಂದು ಅಲ್ಲಿ ವಿಧಿಸಿದೆ. ಅರಸನ ಅಡಿಗೆಮನೆಯ ವಿಷಯದಲ್ಲಂತೂ ಕೌಟಿಲ್ಯನ ಎಚ್ಚರಿಕೆಗೆ ಮಿತಿಯೇ ಇಲ್ಲ. ಅಡಿಗೆಯವನು ಮೊದಲು ತಾನು ರುಚಿ ನೋಡಬೇಕು. ಅನ್ನವನ್ನು ಅಗ್ನಿಗೂ ಹಕ್ಕಿಗಳಿಗೂ ಹಾಕಿ ಪರೀಕ್ಷಿಸಬೇಕು. ಅರಸನ ತಟ್ಟೆಗೆ ಇಷ್ಟು ಕಾವಲಿದ್ದರೂ ದಾರಿಹೋಕನ ತಟ್ಟೆಗೆ ಕಾವಲಿರಲಿಲ್ಲ. ಅದರ ಅಗತ್ಯವೂ ಆಗ ಹೆಚ್ಚಾಗಿ ಕಂಡಿರಲಾರದು. ಬೇಯಿಸಿದ ಅನ್ನವನ್ನು ಮಾರುವುದು ಗೌರವದ ಕಸುಬೆಂದು ನಮ್ಮ ಹಿರಿಯರು ಎಣಿಸಿರಲಿಲ್ಲ. ಪಯಣಿಗರಿಗೆ ಛತ್ರವಿತ್ತು, ಅರವಟ್ಟಿಗೆಯಿತ್ತು, ನೆಂಟರ ಮನೆಯಿತ್ತು, ಇವಾವುವೂ ಇಲ್ಲದಿದ್ದರೆ ಸೊಂಟದಲ್ಲಿ ಬುತ್ತಿಯ ಗಂಟಿತ್ತು. ಹದಿನಾರನೆಯ ಶತಮಾನದ ಮೂರನೆಯ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದದ್ದು ಮನೆಯ ಅಡಿಗೆಗಾಗಿ, ಅಂಗಡಿಗಾಗಿ ಅಲ್ಲ.

ಆದುದರಿಂದ ನಮ್ಮ ಸೀಮೆಯಲ್ಲಿ ಆರೋಗ್ಯ ನಿರೀಕ್ಷಕನು ಹುಟ್ಟಿದ್ದು ಒಲೆಯ ಮುಂದಲ್ಲ, ಚರಂಡಿಯ ದಡದಲ್ಲಿ. ಆ ಕಥೆಗೆ ಶ್ರೀರಂಗಪಟ್ಟಣವೇ ಸಾಕ್ಷಿ. 1799ರಲ್ಲಿ ಕೋಟೆ ಬಿದ್ದ ಮರುವರ್ಷ ಅಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್‌ನ ಎಣಿಕೆಯಂತೆ, ಲಕ್ಷಕ್ಕೂ ಮೇಲ್ಪಟ್ಟು ಜನರಿದ್ದರೆನ್ನಲಾದ ದ್ವೀಪದಲ್ಲಿ ಉಳಿದವರು ಸುಮಾರು 32 ಸಾವಿರ. ಯುದ್ಧದಿಂದ ಉಳಿದ ಊರನ್ನು ಜ್ವರ ಬಿಡಲಿಲ್ಲ. ಗೆದ್ದ ಸೈನ್ಯವೇ ಅಲ್ಲಿನ ಹವೆಗೆ ಹೆದರಿ ಹತ್ತು ಹನ್ನೆರಡು ವರ್ಷಗಳಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ಫಿರಂಗಿಗೆ ಹೆದರದವರನ್ನು ಓಡಿಸಿದ್ದು ಸೊಳ್ಳೆಯೆಂಬುದು ಆಗ ಯಾರಿಗೂ ತಿಳಿಯದು. ಅದನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಎರಡು ವರ್ಷಗಳ ಹಿಂದೆಯಷ್ಟೇ ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸಕ್ಕೆ ನೇಮಕಗೊಂಡು, ಬಾವಿಗಳನ್ನೂ ಚರಂಡಿಗಳನ್ನೂ ಪರಿಶೀಲಿಸಿದ್ದನು. ಮಹಾವಿಜ್ಞಾನಿಯೂ ಸ್ವಲ್ಪ ಕಾಲ ನಮ್ಮಲ್ಲಿ ನೈರ್ಮಲ್ಯದ ಕೆಲಸ ಮಾಡಿದನೆಂಬುದು ಈ ಉದ್ಯೋಗಕ್ಕೆ ಒಂದು ಗೌರವವೇ ಸರಿ.

1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡು ಬೇಗನೆ ಹಬ್ಬಿತು. ಮನೆ ಹೊಕ್ಕು ಪರೀಕ್ಷಿಸುವುದು, ರೋಗಿಯನ್ನು ಹೊತ್ತೊಯ್ಯುವುದು, ಊರಾಚೆಯ ಗುಡಿಸಲುಗಳಿಗೆ ಕುಟುಂಬವನ್ನು ಸಾಗಿಸುವುದು, ಇವೆಲ್ಲ ಸರ್ಕಾರಿ ಆಜ್ಞೆಯಾಗಿ ಬಂದುವು. ಅದೇ ವರ್ಷದ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ಪ್ಲೇಗಿನ ಕ್ರಮಗಳ ವಿರುದ್ಧ ದೊಂಬಿಯೆದ್ದಿತು. ಜನ ಅಜ್ಞಾನದಿಂದ ಹೀಗೆ ಮಾಡಿದರೆಂದು ಹೇಳಿಬಿಡುವುದು ಸುಲಭ. ಆದರೆ ಪರೀಕ್ಷೆ ಮಾಡಲು ಬಂದವನು ಪರೀಕ್ಷೆಯ ಅರ್ಥವನ್ನು ಹೇಳಲಿಲ್ಲವೆಂಬುದೂ ಅಷ್ಟೇ ನಿಜ. ಬಾಗಿಲು ತಟ್ಟುವ ಕೈಯಲ್ಲಿ ಲಾಠಿ ಇದ್ದರೆ ಒಳಗಿನವರು ರೋಗಿಯನ್ನು ಅಟ್ಟದ ಮೇಲೆ ಬಚ್ಚಿಡುತ್ತಾರೆ. ಇಂದು ನಿರೀಕ್ಷಕರ ಜೀಪು ಬೀದಿಯ ತುದಿಯಲ್ಲಿ ಕಂಡೊಡನೆ ಹೋಟೆಲಿನ ಹಿತ್ತಲಿಗೆ ಓಡುವ ಬಕೆಟ್ಟುಗಳನ್ನು ನೋಡಿದರೆ, ಅದು ಅಂದಿನ ಅಟ್ಟದ ಕಥೆಯ ಮುಂದಿನ ಅಧ್ಯಾಯವೆಂದೇ ತೋರುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ದಾರಿಯೂ ಈ ಸೀಮೆಯಲ್ಲಿಯೇ ತೆರೆಯಿತು. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆಯಿತು. ಮಲೇರಿಯದ ಅಭ್ಯಾಸಕ್ಕಾಗಿ 1928ರಲ್ಲಿ ಆರಂಭವಾದ ಕೇಂದ್ರಗಳಲ್ಲಿ ಒಂದು ಶ್ರೀರಂಗಪಟ್ಟಣಕ್ಕೂ ಮೈಸೂರಿಗೂ ನಡುವಣ ನಾಗನಹಳ್ಳಿಯಲ್ಲಿತ್ತು. 1929ರಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ಇಲಾಖೆಯಾಯಿತು. ಸುಮಾರು ಅದೇ ಕಾಲಕ್ಕೆ ಮಂಡ್ಯದಲ್ಲಿ ಹಳ್ಳಿಗಳಿಗಾಗಿ ಆರೋಗ್ಯ ಘಟಕ ಮೊದಲಾಯಿತು. ಮುಂದೆ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ನೀರನ್ನೂ ಕಬ್ಬನ್ನೂ ತಂದಂತೆ ಸೊಳ್ಳೆಯನ್ನೂ ತಂದಿತು. ಆಗ ಊರೂರಿಗೆ ಹೋದ ಆರೋಗ್ಯ ಸಿಬ್ಬಂದಿಯವರು ನಿಂತ ನೀರನ್ನು ತೋರಿಸಿ, ಅದರಲ್ಲಿನ ಮರಿಹುಳುಗಳನ್ನು ತೋರಿಸಿ, ಔಷಧ ಚಿಮುಕಿಸಿ, ಮತ್ತೆ ವಾರಕ್ಕೊಮ್ಮೆ ಬಂದು ನೋಡುತ್ತಿದ್ದರು. ಶಿಕ್ಷೆಗಿಂತ ಶಿಕ್ಷಣ ಮುಂದೆ ನಡೆಯಿತು. ಒಂದೇ ನಾಡಿನ ಈ ಎರಡು ಅನುಭವಗಳು, ಪ್ಲೇಗಿನದು ಮತ್ತು ಮಲೇರಿಯದ್ದು, ನಿರೀಕ್ಷಕನ ಕೈಯಲ್ಲಿರುವ ಎರಡು ಉಪಕರಣಗಳನ್ನು ನಮಗೆ ಪರಿಚಯಿಸುತ್ತವೆ: ಒಂದು ಬಲ, ಇನ್ನೊಂದು ನಂಬಿಕೆ. ಹೋಟೆಲಿನ ಬಾಗಿಲಿಗೆ ಬಂದಾಗ ಇವೆರಡರಲ್ಲಿ ಯಾವುದನ್ನು ಹಿಡಿಯಬೇಕೆಂಬುದೇ ಅವನ ಮುಖ್ಯ ಸಮಸ್ಯೆಯಾಯಿತು.

ರೈಲು, ಮೋಟಾರು, ಕಚೇರಿ, ಕಾರ್ಖಾನೆಗಳ ಹಿಂದೆಯೇ ಕಾಫಿ ಕ್ಲಬ್ಬುಗಳೂ ಉಡುಪಿ ಹೋಟೆಲುಗಳೂ ಮಿಲಿಟರಿ ಹೋಟೆಲುಗಳೂ ನಮ್ಮ ಊರುಗಳಿಗೆ ಬಂದುವು. ಇಲ್ಲಿ ನಿರೀಕ್ಷಕನಿಗೆ ಒಂದು ವಿಚಿತ್ರ ತೊಡಕು ಎದುರಾಯಿತು. ನಮ್ಮ ಜನರಿಗೆ ಶುಚಿತ್ವದ ಕಲ್ಪನೆ ಇರಲಿಲ್ಲವೆಂದಲ್ಲ, ಎರಡು ಕಲ್ಪನೆಗಳಿದ್ದುವು. ಒಂದು ಮಡಿ, ಇನ್ನೊಂದು ನೈರ್ಮಲ್ಯ. ಒದ್ದೆ ಪಂಚೆಯುಟ್ಟು ಅಡಿಗೆ ಮಾಡುವವರ ಮಡಿಯನ್ನು ಪ್ರಶ್ನಿಸುವಂತಿರಲಿಲ್ಲ. ಆದರೆ ಅದೇ ಅಡಿಗೆಮನೆಯ ಕುಡಿಯುವ ನೀರಿನ ಹಂಡೆಗೆ ಮುಚ್ಚಳವಿಲ್ಲದಿರಬಹುದಾಗಿತ್ತು. ಅನ್ಯರು ಒಳಗೆ ಬಂದರೆ ಮೈಲಿಗೆ ಎಂಬ ಭಾವನೆಯಿದ್ದ ಕಡೆ ನಿರೀಕ್ಷಕನೂ ಅನ್ಯನೇ. ನೊಣಕ್ಕೆ ಮಾತ್ರ ಜಾತಿಯ ಕಟ್ಟಳೆಯಿರಲಿಲ್ಲ. ಅದು ಎಲ್ಲಿ ಬೇಕಾದರೂ ಹೋಗಿ ಬರುತ್ತಿತ್ತು. ಅಡಿಗೆಮನೆಯ ಹೊಸ್ತಿಲನ್ನು ದಾಟುವ ಹಕ್ಕನ್ನು ಕಾಯಿದೆ ಅವನಿಗೆ ಕೊಟ್ಟದ್ದು, ಈ ದೃಷ್ಟಿಯಿಂದ, ಸಾಮಾಜಿಕ ಚರಿತ್ರೆಯಲ್ಲಿಯೂ ಒಂದು ಘಟ್ಟ.

ಆ ಕಾಯಿದೆಯ ವಂಶವೃಕ್ಷ ದೂರದ್ದು. 1850ರ ದಶಕದ ಆರಂಭದಲ್ಲಿ ಲಂಡನ್ನಿನ ವೈದ್ಯ ಆರ್ಥರ್ ಹಿಲ್ ಹ್ಯಾಸಲ್ ಅಂಗಡಿಗಳ ಕಾಫಿ, ಸಕ್ಕರೆ, ಸಾಂಬಾರ ಪದಾರ್ಥಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವುಗಳ ಕಲಬೆರಕೆಯನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಯಲಿಗೆಳೆದನು. 1858ರಲ್ಲಿ ಬ್ರ್ಯಾಡ್‌ಫರ್ಡ್ ಎಂಬ ಊರಿನಲ್ಲಿ ಮಿಠಾಯಿಗೆ ತಪ್ಪಿ ಪಾಷಾಣ ಬೆರೆತು ಇಪ್ಪತ್ತರಷ್ಟು ಜನ ಸತ್ತರು. 1860ರಲ್ಲಿ ಇಂಗ್ಲೆಂಡಿಗೆ ಕಲಬೆರಕೆ ತಡೆಯುವ ಶಾಸನ ಬಂತು. ನಮ್ಮ ನೆರೆಯ ಮದರಾಸು ಪ್ರಾಂತ್ಯ 1918ರಲ್ಲಿ ತನ್ನ ಕಾಯಿದೆ ಮಾಡಿತು. ಮೈಸೂರು ಸಂಸ್ಥಾನ 1944ರಲ್ಲಿ ಸಾರ್ವಜನಿಕ ಆರೋಗ್ಯ ಕಾಯಿದೆಯನ್ನು ತಂದಿತು. ಸ್ವತಂತ್ರ ಭಾರತವು 1954ರಲ್ಲಿ ಆಹಾರ ಕಲಬೆರಕೆ ನಿವಾರಣಾ ಕಾಯಿದೆಯನ್ನು ಮಾಡಿ, 1955ರ ಜೂನ್ 1ರಿಂದ ಜಾರಿಗೆ ತಂದಿತು. ಐವತ್ತಾರು ವರ್ಷಗಳ ಕಾಲ ನಮ್ಮ ನಿರೀಕ್ಷಕರು ದುಡಿದದ್ದು ಈ ಕಾಯಿದೆಯ ನೆರಳಿನಲ್ಲಿ.

ಅವರ ಸಂಕಟಗಳನ್ನು ಮೂರು ಮಾತುಗಳಲ್ಲಿ ಹೇಳಬಹುದು. ಕಾಣದ್ದನ್ನು ಕಾಣಬೇಕು; ಕಂಡದ್ದನ್ನು ರುಜುವಾತು ಮಾಡಬೇಕು; ರುಜುವಾತು ಮಾಡಿದ ಮೇಲೆ ಅದೇ ಊರಿನಲ್ಲಿ ಬದುಕಬೇಕು.

ಮೊದಲನೆಯದನ್ನು ನೋಡೋಣ. ಹಳಸಿದ ಸಾರು ಮೂಗಿಗೆ ಗೊತ್ತಾಗುತ್ತದೆ. ಆದರೆ ರೋಗಾಣುವಿಗೆ ವಾಸನೆಯಿಲ್ಲ. ನ್ಯೂಯಾರ್ಕಿನ ಅಡಿಗೆಯವಳು ಮೇರಿ ಮ್ಯಾಲನ್‌ಳ ಕಥೆ ಪ್ರಸಿದ್ಧವಾದುದು. ಆಕೆ ಗಟ್ಟಿಮುಟ್ಟಾಗಿದ್ದಳು, ಒಳ್ಳೆಯ ಅಡಿಗೆ ಮಾಡುತ್ತಿದ್ದಳು, ಆದರೆ ಆಕೆ ದುಡಿದ ಮನೆಗಳಲ್ಲಿ ವಿಷಮಶೀತ ಜ್ವರ ಕಾಣಿಸಿಕೊಳ್ಳುತ್ತಿತ್ತು. 1907ರಲ್ಲಿ ಜಾರ್ಜ್ ಸೋಪರ್ ಎಂಬ ಆರೋಗ್ಯ ಪರಿಶೋಧಕನು ಅದರ ಮೂಲವನ್ನು ಆಕೆಯವರೆಗೂ ಹಿಂಬಾಲಿಸಿದನು. ತಾನು ಆರೋಗ್ಯವಾಗಿರುವಾಗ ಇನ್ನೊಬ್ಬರಿಗೆ ರೋಗ ಹೇಗೆ ಕೊಟ್ಟೇನೆಂದು ಆಕೆ ಕೊನೆಯವರೆಗೂ ನಂಬಲಿಲ್ಲ. ಬಿಡುಗಡೆಯಾದ ಮೇಲೆ ಮತ್ತೆ ಅಡಿಗೆಗೇ ಹೋದಳು. 1915ರಿಂದ 1938ರಲ್ಲಿ ಸಾಯುವವರೆಗೆ ಆಸ್ಪತ್ರೆಯ ಪ್ರತ್ಯೇಕ ವಾಸದಲ್ಲಿದ್ದಳು. ಹೋಟೆಲಿನ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆಯಾಗಬೇಕೆಂಬ ನಿಯಮದ ಹಿಂದೆ ಇಂತಹ ಅನುಭವವಿದೆ. ನಮ್ಮ ಹೋಟೆಲುಗಳಲ್ಲಿಯೋ, ಕೆಲಸದ ಹುಡುಗರು ಇಂದು ಇಲ್ಲಿ, ನಾಳೆ ಬೆಂಗಳೂರಿನಲ್ಲಿ. ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತಿರುತ್ತದೆ. ಅದರಲ್ಲಿ ಹೆಸರಿದ್ದವನು ಹೊರಟುಹೋಗಿರುತ್ತಾನೆ.

ಬೆಲ್ಲದ ಸಂಗತಿಯೂ ಇದೇ ಜಾತಿಯದು. ಈ ಸೀಮೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲಿನ ಕಸರನ್ನು ತೆಗೆಯಲು ಹಿಂದೆ ಬೆಂಡೆಯ ಗಿಡದ ಲೋಳೆಯನ್ನೂ ಹದವಾದ ಸುಣ್ಣವನ್ನೂ ಬಳಸುತ್ತಿದ್ದರು. ಬೆಲ್ಲ ಕಂದು ಬಣ್ಣಕ್ಕಿರುತ್ತಿತ್ತು. ಪೇಟೆಯವರಿಗೆ ಹಳದಿಯ ಅಚ್ಚು ಬೇಕಾಯಿತು. ಅದಕ್ಕೆ ಹೈಡ್ರೋಸ್ ಎಂದು ಕರೆಯುವ ರಾಸಾಯನಿಕ ಬಂತು, ಕೃತಕ ಬಣ್ಣ ಬಂತು, ಕಡೆಗೆ ಬೆಲ್ಲದೊಳಕ್ಕೆ ಅಗ್ಗದ ಸಕ್ಕರೆಯೂ ಬಂತು. ಆ ಬೆಲ್ಲ ಹೋಟೆಲಿನ ಸಾಂಬಾರಿಗೂ ಹೋಳಿಗೆಗೂ ಹೋದಾಗ ತಪ್ಪು ಯಾರದು? ಆಲೆಮನೆಯವನದೆ, ಮಂಡಿಯವನದೆ, ಹೋಟೆಲಿನವನದೆ? ಅಥವಾ ಬೆಳ್ಳಗಿರುವುದೆಲ್ಲ ಶುದ್ಧವೆಂದು ನಂಬಿ ಹೆಚ್ಚು ಬೆಲೆ ಕೊಟ್ಟ ನಮ್ಮದೆ? ನಿರೀಕ್ಷಕನು ಮಾತ್ರ ತನ್ನ ಕಣ್ಣೆದುರಿಗಿರುವ ಡಬ್ಬದಿಂದಲೇ ಮಾದರಿ ತೆಗೆಯಬೇಕು. ಹಳೆಯ ಕಾಯಿದೆಯಲ್ಲಿ, ಬೆರಕೆಯೆಂದು ತನಗೆ ತಿಳಿದಿರಲಿಲ್ಲವೆಂಬುದು ಮಾರಾಟಗಾರನಿಗೆ ರಕ್ಷಣೆಯಾಗುತ್ತಿರಲಿಲ್ಲ. ಹೀಗಾಗಿ ಮೇಲಿನ ಮೂಲ ತಪ್ಪಿಸಿಕೊಂಡು, ಕೊನೆಯ ಕೊಂಡಿ ಸಿಕ್ಕಿಬೀಳುವ ಸಂಭವವೇ ಹೆಚ್ಚು.

ಎರಡನೆಯದು ರುಜುವಾತಿನ ಕಷ್ಟ. 1954ರ ಕಾಯಿದೆಯಂತೆ ನಿರೀಕ್ಷಕನು ಮಾದರಿಯನ್ನು ಕಸಿದುಕೊಳ್ಳುವಂತಿಲ್ಲ. ಬೆಲೆ ಕೊಟ್ಟು ಕೊಳ್ಳಬೇಕು. ಪರೀಕ್ಷೆಗಾಗಿ ತೆಗೆದುಕೊಂಡೆನೆಂದು ಅಲ್ಲಿಯೇ ನೋಟೀಸು ಕೊಡಬೇಕು. ಅದನ್ನು ಮೂರು ಭಾಗ ಮಾಡಿ, ಒಣಗಿದ ಶುಭ್ರ ಸೀಸೆಗಳಲ್ಲಿ ತುಂಬಿ, ಹಾಲು ಮೊಸರಾದರೆ ಕೆಡದಂತೆ ಫಾರ್ಮಲಿನ್ ಹನಿಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿ, ಕಾಗದ ಸುತ್ತಿ, ದಾರ ಕಟ್ಟಿ, ಅರಗಿನ ಮುದ್ರೆಯೊತ್ತಿ, ಮಾರಾಟಗಾರನ ರುಜು ಪಡೆಯಬೇಕು. ಮೊದಲ ವರ್ಷಗಳಲ್ಲಿ ಒಂದು ಸೀಸೆ ಮಾರಾಟಗಾರನಿಗೆ, ಒಂದು ವಿಶ್ಲೇಷಕರಿಗೆ, ಒಂದು ನಿರೀಕ್ಷಕನ ಬಳಿಗೆ; 1976ರ ತಿದ್ದುಪಡಿಯ ಅನಂತರ ಎರಡು ಸೀಸೆಗಳು ಸ್ಥಳೀಯ ಆರೋಗ್ಯಾಧಿಕಾರಿಯ ವಶಕ್ಕೆ. ಆರೋಪಿಯು ವಿಶ್ಲೇಷಕರ ವರದಿಯನ್ನು ಒಪ್ಪದಿದ್ದರೆ ಉಳಿದ ಸೀಸೆಯನ್ನು ಕೇಂದ್ರೀಯ ಆಹಾರ ಪ್ರಯೋಗಾಲಯಕ್ಕೆ ಕಳುಹಿಸುವಂತೆ ನ್ಯಾಯಾಲಯವನ್ನು ಕೇಳಬಹುದಾಗಿತ್ತು. ಅಂತಹ ಪ್ರಯೋಗಾಲಯಗಳಲ್ಲಿ ಒಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯದೇ. 1950ರಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ನೆಲೆಯೂರಿದ ಈ ಸಂಸ್ಥೆ ಶ್ರೀರಂಗಪಟ್ಟಣದಿಂದ ಒಂದು ಗಳಿಗೆಯ ಪಯಣ.

ಈ ವಿಧಿಗಳಲ್ಲಿ ಒಂದು ಎಳೆ ಸಡಿಲವಾದರೂ ಮೊಕದ್ದಮೆ ಬಿದ್ದುಹೋಗುತ್ತಿತ್ತು. ದೆಹಲಿಯ ಒಂದು ಮೊಸರಿನ ಮೊಕದ್ದಮೆ ನ್ಯಾಯಶಾಸ್ತ್ರದಲ್ಲಿ ಹೆಸರಾಗಿದೆ. ಮಾದರಿ ತೆಗೆದು ಬಹಳ ತಿಂಗಳಾದ ಮೇಲೆ ಮೊಕದ್ದಮೆ ಹೂಡಲಾಯಿತು. ಆರೋಪಿ ತನ್ನ ಸೀಸೆಯನ್ನು ಮರುಪರೀಕ್ಷೆಗೆ ಕಳುಹಿಸಿದಾಗ ಒಳಗಿನ ಮೊಸರು ಪೂರ್ತಿ ಕೆಟ್ಟು ಪರೀಕ್ಷೆಯೇ ಅಸಾಧ್ಯವಾಗಿತ್ತು. ತನ್ನನ್ನು ಸಮರ್ಥಿಸಿಕೊಳ್ಳುವ ಹಕ್ಕು ಸರ್ಕಾರದ ವಿಳಂಬದಿಂದ ಆರೋಪಿಗೆ ತಪ್ಪಿಹೋಯಿತೆಂದು ಸುಪ್ರೀಂ ಕೋರ್ಟು ಹೇಳಿತು. 1967ರ ನ್ಯಾಯವರದಿಗಳಲ್ಲಿ ಪ್ರಕಟವಾದ ಈ ತೀರ್ಪು ಮುಂದಿನ ಪೀಳಿಗೆಯ ನಿರೀಕ್ಷಕರಿಗೆಲ್ಲ ಎಚ್ಚರಿಕೆಯ ಗಂಟೆಯಾಯಿತು. ತೀರ್ಪು ನ್ಯಾಯವಾದುದೇ. 1964ರ ತಿದ್ದುಪಡಿಯ ಅನಂತರ ಈ ಅಪರಾಧಕ್ಕೆ ಸಾಮಾನ್ಯವಾಗಿ ಕನಿಷ್ಠ ಶಿಕ್ಷೆಯೇ ಆರು ತಿಂಗಳ ಸೆರೆಮನೆ ಹಾಗೂ ಸಾವಿರ ರೂಪಾಯಿ ದಂಡ. ಅಷ್ಟು ಕಠಿಣ ಶಿಕ್ಷೆಯಿರುವಲ್ಲಿ ನ್ಯಾಯಾಲಯಗಳು ವಿಧಿಯ ಪ್ರತಿಯೊಂದು ಅಕ್ಷರವನ್ನೂ ಹಿಡಿದು ನೋಡಿದುದು ಸಹಜ. ಎಮ್ಮೆಯ ಹಾಲಿಗೆ ಒಂದು ಪಾವು ನೀರು ಬೆರೆಸಿದವನೂ, ಎಣ್ಣೆಗೆ ವಿಷದ ಬೀಜ ಬೆರೆಸಿದವನೂ ಒಂದೇ ಬಾಗಿಲಿನಿಂದ ಒಳಹೋಗಬೇಕಾದಾಗ, ನಿರೀಕ್ಷಕನಿಗೆ ಎರಡೇ ದಾರಿ: ಕಂಡೂ ಕಾಣದಂತೆ ಹೋಗುವುದು, ಇಲ್ಲವೇ ಒಂದು ಸಂಸಾರವನ್ನು ಬೀದಿಗೆ ತರುವುದು. ನಡುವಣ ದಾರಿ ಇರಲಿಲ್ಲ. ಇದ್ದುದೊಂದೇ ಗುಪ್ತವಾದ ನಡುದಾರಿ, ಅದು ಮೇಜಿನ ಕೆಳಗಿನದು. ಆ ದಾರಿಯಲ್ಲಿ ನಡೆದವರು ಇದ್ದರು. ಅದಕ್ಕಾಗಿ ಇಡೀ ವೃತ್ತಿ ಕೆಟ್ಟ ಹೆಸರು ಹೊತ್ತಿತು. ಕಾಯಿದೆಯ ಅತಿಯಾದ ಕಾಠಿಣ್ಯವೂ ಲಂಚಕ್ಕೆ ಗೊಬ್ಬರವಾಗುತ್ತದೆಂಬ ಸತ್ಯವನ್ನು ನಾವು ಗಮನಿಸುವುದು ಕಡಿಮೆ.

ಮೂರನೆಯ ಸಂಕಟ ಸಾಕ್ಷಿಯದು, ಅಂದರೆ ಊರಿನದು. ಮಾದರಿ ತೆಗೆಯುವಾಗ ಒಬ್ಬರನ್ನೋ ಹೆಚ್ಚು ಮಂದಿಯನ್ನೋ ಕರೆದು ಸಾಕ್ಷಿ ಹಾಕಿಸಬೇಕೆಂದು ಕಾಯಿದೆ ಹೇಳುತ್ತಿತ್ತು. ನಾಗಮಂಗಲದಂತಹ, ಕೃಷ್ಣರಾಜಪೇಟೆಯಂತಹ ಊರಿನಲ್ಲಿ ಇದರ ಅರ್ಥವೇನು? ಹೋಟೆಲಿನ ಯಜಮಾನರು ಪಕ್ಕದ ಅಂಗಡಿಯವರ ಬೀಗರಾಗಿರಬಹುದು. ಎದುರುಮನೆಯವರು ಅಲ್ಲಿ ಸಾಲಕ್ಕೆ ಕಾಫಿ ಕುಡಿಯುವವರಾಗಿರಬಹುದು. ‘ನಮಗ್ಯಾಕೆ ಸ್ವಾಮಿ ಈ ಉಸಾಬರಿ?’ ಎಂದು ಕುಳಿತಿದ್ದವರೆಲ್ಲ ಎದ್ದುಹೋಗುತ್ತಾರೆ. ಅಲ್ಲಿ ಅರ್ಧ ತಿಂದ ದೋಸೆ ತಟ್ಟೆಯಲ್ಲಿಯೇ ಉಳಿಯುತ್ತದೆಯೇ ಹೊರತು ಸಾಕ್ಷಿ ಉಳಿಯುವುದಿಲ್ಲ. ಈ ತೊಂದರೆ ಇಡೀ ದೇಶದ್ದೆಂಬುದಕ್ಕೆ 1974ರಲ್ಲಿ ವರದಿಯಾದ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ನಿದರ್ಶನ: ನಿರೀಕ್ಷಕನು ಪ್ರಾಮಾಣಿಕವಾಗಿ ಸಾಕ್ಷಿಗಳನ್ನು ಕರೆದು, ಅವರು ಬಾರದೆ ಹೋದರೆ, ಅಷ್ಟಕ್ಕೇ ಮೊಕದ್ದಮೆ ಬೀಳುವುದಿಲ್ಲವೆಂದು ನ್ಯಾಯಾಲಯ ಹೇಳಬೇಕಾಯಿತು. ನೆರೆಹೊರೆಯವರು ಸಾಕ್ಷಿಗೆ ಬರುವುದಿಲ್ಲವೆಂಬುದನ್ನು ದೇಶದ ಅತ್ಯುನ್ನತ ನ್ಯಾಯಾಲಯವೇ ಗಮನಕ್ಕೆ ತೆಗೆದುಕೊಳ್ಳಬೇಕಾಯಿತೆಂದರೆ ಅದು ನಮಗೆ ಹೆಮ್ಮೆಯ ಮಾತಲ್ಲ.

ಇನ್ನು ಜಾತ್ರೆ. ನೂರು ವರ್ಷಗಳ ಹಿಂದೆ ಜಾತ್ರೆಯೆಂದರೆ ಕಾಲರಾ ಎಂಬ ಭಯವಿತ್ತು. ಕಾಲರಾ ಚುಚ್ಚುಮದ್ದು ಹಾಕುವುದು, ಕೊಳಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕುವುದು, ಕೊಯ್ದಿಟ್ಟ ಹಣ್ಣನ್ನೂ ತೆರೆದಿಟ್ಟ ತಿಂಡಿಯನ್ನೂ ನಾಶಪಡಿಸುವುದು, ಇವೆಲ್ಲ ಅಂದು ಆರೋಗ್ಯ ಸಿಬ್ಬಂದಿಯ ಕೆಲಸಗಳಾಗಿದ್ದುವು. ಯಾತ್ರಾಸ್ಥಳಗಳಲ್ಲಿ ಆ ಭಯ ಇಂದು ಬಹುಮಟ್ಟಿಗೆ ಅಡಗ��ದೆ. ಆದರೆ ಒಂದು ರಾತ್ರಿಯ ಮಟ್ಟಿಗೆ ತಳ್ಳುಗಾಡಿಯಿಟ್ಟು ಬೆಳಗಾಗುವುದರೊಳಗೆ ಬೇರೆ ಜಾತ್ರೆಗೆ ಹೊರಡುವ ವ್ಯಾಪಾರಿಯನ್ನು ಯಾವ ಕಡತದಲ್ಲಿ ಹಿಡಿದಿಡುವುದು? ಪ್ರಯೋಗಾಲಯದ ವರದಿ ಬರುವ ವೇಳೆಗೆ ಅವನು ಮಾತ್ರವಲ್ಲ, ತಿಂದವರೂ ಊರೂರಿಗೆ ಹೋಗಿಬಿಟ್ಟಿರುತ್ತಾರೆ. ಅಲ್ಲಿ ನಿರೀಕ್ಷಕನಿಗೆ ಉಪಯೋಗಕ್ಕೆ ಬರುವುದು ಸೀಸೆಯಲ್ಲ, ಬಾಯಿಮಾತು: ‘ಅಪ್ಪಾ, ನೀರಿನ ಡ್ರಮ್ಮಿಗೆ ಮುಚ್ಚಳ ಹಾಕು, ಚಟ್ನಿಗೆ ಬೆಳಗಿನ ಕಾಯಿ ಬೇಡ, ಹೊಸದು ಒಡೆ.’ ಈ ಮಾತನ್ನು ಯಾವ ವರದಿಯೂ ದಾಖಲಿಸುವುದಿಲ್ಲ. ನೂರು ಜನರು ಕಾಯಿಲೆ ಬೀಳಲಿಲ್ಲವೆಂಬುದು ಸುದ್ದಿಯಾಗುವುದಿಲ್ಲವಷ್ಟೆ.

2006ರಲ್ಲಿ ಸಂಸತ್ತು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯನ್ನು ಅಂಗೀಕರಿಸಿತು. 2011ರ ಆಗಸ್ಟ್ 5ರಂದು ಅದು ಜಾರಿಗೆ ಬಂದು, 1954ರ ಕಾಯಿದೆ ನಿವೃತ್ತಿ ಹೊಂದಿತು. ಮೂರು ಸೀಸೆಗಳು ನಾಲ್ಕಾದುವು. ವಿಶ್ಲೇಷಣೆಗೆ 14 ದಿನಗಳ ಗಡುವು ಬಂತು. ಚಿಕ್ಕ ತಪ್ಪುಗಳು ಸೆರೆಮನೆಯ ದಾರಿ ಬಿಟ್ಟು ದಂಡದ ದಾರಿ ಹಿಡಿದುವು. ಪ್ರಾಣಾಪಾಯದ ಅಪರಾಧಗಳಿಗೆ ಸೆರೆಮನೆ ಉಳಿಯಿತು. ವಾರ್ಷಿಕ 12 ಲಕ್ಷ ರೂಪಾಯಿವರೆಗೆ ವ್ಯಾಪಾರವಿರುವ ಚಿಕ್ಕವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕದ ನೋಂದಣಿ ಸಾಕೆಂದು 2011ರ ನಿಯಮಗಳು ಗೊತ್ತುಮಾಡಿದುವು. ನಿರೀಕ್ಷಕನು ದ್ವೇಷದಿಂದ ಕಿರುಕುಳ ಕೊಟ್ಟರೆ ಅವನಿಗೂ ಒಂದು ಲಕ್ಷದವರೆಗೆ ದಂಡ ವಿಧಿಸಬಹುದೆಂದೂ, ಸುಳ್ಳು ದೂರು ಕೊಟ್ಟವನಿಗೂ ದಂಡವುಂಟೆಂದೂ ಕಾಯಿದೆಯಲ್ಲಿದೆ.

ನನ್ನ ದೃಷ್ಟಿಯಲ್ಲಿ ಈ ಹೊಸ ಕಾಯಿದೆಯ ದೊಡ್ಡ ಗುಣ ಇವಾವುವೂ ಅಲ್ಲ. ಅದು ಸುಧಾರಣಾ ನೋಟೀಸು ಎಂಬ ಸಣ್ಣ ಕಾಗದ. ಅಡಿಗೆಮನೆಯಲ್ಲಿ ಇಂತಿಂತಹ ಕೊರತೆಯಿದೆ, ಇದನ್ನು ಹೀಗೆ ಸರಿಪಡಿಸಿಕೊಳ್ಳಿ, ಇಷ್ಟು ದಿನ ಅವಕಾಶವಿದೆ ಎಂದು ಅಂಕಿತಾಧಿಕಾರಿಯವರು ಬರೆದುಕೊಡುತ್ತಾರೆ. ಸರಿಪಡಿಸದಿದ್ದರೆ ಪರವಾನಗಿ ಅಮಾನತು, ಅನಂತರ ರದ್ದು. ಕಂಡೂ ಕಾಣದಂತೆ ಹೋಗುವುದಕ್ಕೂ ಸೆರೆಮನೆಗೆ ಕಳುಹಿಸುವುದಕ್ಕೂ ನಡುವೆ ಇಲ್ಲದಿದ್ದ ದಾರಿಯನ್ನು ಇದು ಹಗಲು ಬೆಳಕಿನಲ್ಲಿ ತೆರೆಯಿತು. ಮಲೇರಿಯದ ದಿನಗಳಲ್ಲಿ ವಾರಕ್ಕೊಮ್ಮೆ ಬಂದು ನಿಂತ ನೀರು ತೋರಿಸುತ್ತಿದ್ದವನು ಕಾಯಿದೆಯ ಪುಟದಲ್ಲಿ ಮರಳಿ ಬಂದನೆನ್ನಬಹುದು. ಆದರೆ ಸುಧಾರಣೆ ಫಲಿಸಬೇಕಾದರೆ ನಿರೀಕ್ಷಕನು ಎರಡನೆಯ ಸಲ ಬರಬೇಕು, ಮೂರನೆಯ ಸಲವೂ ಬರಬೇಕು. ಒಂದು ತಾಲ್ಲೂಕಿನ ಹೋಟೆಲು, ಬೇಕರಿ, ಢಾಬಾ, ಗೂಡಂಗಡಿ, ಆಲೆಮನೆ, ವಿದ್ಯಾರ್ಥಿನಿಲಯ, ಕಲ್ಯಾಣಮಂಟಪಗಳೆಲ್ಲಕ್ಕೂ ಹೀಗೆ ಮೂರು ಸಲ ಹೋಗುವಷ್ಟು ಕಾಲುಗಳನ್ನು ಸರ್ಕಾರ ಅವನಿಗೆ ಕೊಟ್ಟಿಲ್ಲ.

ನಾವೋ, ಅವನಿಂದ ಬಯಸುವುದು ಮರುಭೇಟಿಯನ್ನಲ್ಲ, ದಾಳಿಯನ್ನು. 2024ರ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದುವು. ಮಿಠಾಯಿಯ 25ರಲ್ಲಿ 15. ಅವುಗಳಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೂ ಕಾಗದಕ್ಕೂ ಹಾಕುವ ಬಣ್ಣ. 2025ರ ಫೆಬ್ರವರಿಯಲ್ಲಿ ಇಡ್ಲಿಯನ್ನು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಬೇಯಿಸುವುದಕ್ಕೆ ನಿಷೇಧ ಬಂತು. ಎರಡೂ ಸಲ ಪತ್ರಿಕೆಗಳು ತುಂಬಿದುವು; ನಿರೀಕ್ಷಕರು ಬೀದಿಗಿಳಿದರು; ಎಲ್ಲೆಲ್ಲಿಯೂ ಅದೇ ಮಾತು. ಕೆಲವು ವಾರಗಳಲ್ಲಿ ಮಾತು ನಿಂತಿತು. ಕೆಂಪು ಬಣ್ಣವನ್ನು ಗಾಡಿಯವನು ಸುಮ್ಮನೆ ಹಾಕಲಿಲ್ಲ. ಕೆಂಪಗಿಲ್ಲದ ಗೋಬಿಯನ್ನು ನಮ್ಮ ಮಕ್ಕಳು ಮುಟ್ಟುವುದಿಲ್ಲವೆಂದು ಹಾಕಿದನು. ಹಳದಿ ಬೆಲ್ಲದ ಕಥೆಯೇ ಇಲ್ಲಿ ಕೆಂಪು ಬಟ್ಟೆ ತೊಟ್ಟು ಬಂದಿದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ ಶ್ರೀರಂಗಪಟ್ಟಣವನ್ನು ಬಳಸಿಹೋದ ಮೇಲೆ, ಹಳೆಯ ರಸ್ತೆಯ ಹೋಟೆಲಿಗೆ ಉಳಿದಿರುವ ಗಿರಾಕಿಯೂ ಕೈಬಿಟ್ಟು ಹೋಗಬಾರದು. ಅಂತಹ ಯಜಮಾನನಿಗೆ ‘ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡ, ಚೆಲ್ಲು’ ಎಂದು ಹೇಳುವ ನಿರೀಕ್ಷಕನಿಗೆ, ಆ ಚೆಲ್ಲುವ ಎಣ್ಣೆಯ ಬೆಲೆ ಎಷ್ಟೆಂಬುದೂ ಗೊತ್ತಿರಬೇಕಾಗುತ್ತದೆ. ತಿನ್ನುವವನ ಆರೋಗ್ಯ, ಮಾರುವವನ ಜೀವನ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಿಡಿದು ನಿಲ್ಲುವವನು ಅವನು. ಮುಳ್ಳು ಅಲುಗಾಡಿದರೆ ಎರಡು ಕಡೆಯವರೂ ಅವನನ್ನೇ ಬಯ್ಯುತ್ತಾರೆ.

ಕೊನೆಯದಾಗಿ ಒಂದು ಮಾತು. ಮಾದರಿಯನ್ನು ಪರೀಕ್ಷೆಗೆ ಕೊಡುವ ಹಕ್ಕು ನಿರೀಕ್ಷಕನೊಬ್ಬನದೇ ಅಲ್ಲ. 1954ರ ಕಾಯಿದೆಯಲ್ಲಿಯೂ ಇತ್ತು, 2006ರ ಕಾಯಿದೆಯಲ್ಲಿಯೂ ಇದೆ: ಕೊಂಡವನು ಯಾರೇ ಆಗಲಿ, ಮಾರಾಟಗಾರನಿಗೆ ಮೊದಲೇ ತಿಳಿಸಿ, ಗೊತ್ತಾದ ಶುಲ್ಕ ಕೊಟ್ಟು, ತಾನು ಕೊಂಡ ಆಹಾರವನ್ನು ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಕಲಬೆರಕೆ ಸಿದ್ಧವಾದರೆ ಕೊಟ್ಟ ಶುಲ್ಕ ಹಿಂದಕ್ಕೆ ಬರುತ್ತದೆ. ಎಪ್ಪತ್ತು ವರ್ಷಗಳಿಂದ ಪ್ರಜೆಯ ಕೈಯಲ್ಲಿರುವ ಈ ಅಧಿಕಾರವನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು? ಪರೀಕ್ಷೆ ಮಾಡಿಸುವುದು ದೂರದ ಮಾತಾದರೂ, ಹೋಟೆಲಿನವರನ್ನು ‘ಅಡಿಗೆಮನೆ ತೋರಿಸಿ’ ಎಂದು ನಗುತ್ತ ಕೇಳಬಹುದು. ಬಣ್ಣವಿಲ್ಲದ ತಿಂಡಿಯನ್ನು ಆರಿಸಿಕೊಳ್ಳಬಹುದು. ನಿರೀಕ್ಷಕನು ಸಾಕ್ಷಿಗೆ ಕರೆದ ದಿನ ತಟ್ಟೆ ಬಿಟ್ಟು ಎದ್ದುಹೋಗದೆ ಅಲ್ಲಿಯೇ ಕುಳಿತು ರುಜು ಹಾಕಬಹುದು. ಅರಸನ ತಟ್ಟೆಗೆ ಮಾತ್ರ ಇದ್ದ ಕಾವಲು ದಾರಿಹೋಕನ ತಟ್ಟೆಗೂ ಬರುವುದಕ್ಕೆ ಎರಡು ಸಾವಿರ ವರ್ಷಗಳು ಬೇಕಾದುವು. ಆ ಕಾವಲುಗಾರನು ಒಂಟಿಯಾಗಿ ನಿಂತಿರುವಷ್ಟು ಕಾಲ ಕಾವಲು ಅರ್ಧದಷ್ಟೇ. ಉಳಿದ ಅರ್ಧ ತಟ್ಟೆಯ ಮುಂದೆ ಕುಳಿತವರದು.